ಕ್ರಿಸ್‌ಮಸ್‌ಗೆ ಕೊಟ್ಟ ಸೋಪು

ಕರ್ರ್... ಕರ್ರ್... ಬೆಳಗಾಗುವ ಮೊದಲೇ ಶುರು. ನಮ್ಮ ಮನೆ ಹಿಂದೆ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಚರಕಗಳು ತಿರುಗುವ ಸದ್ದು. ರಾಮನಗರದ ಆ ಬೀದಿಯಲ್ಲಿ ಯಾರಿಗೂ ಅಲಾರಂ ಬೇಕಿರಲಿಲ್ಲ. ಸದ್ದಿನ ಹಿಂದೆಯೇ ಬೇಯುವ ಗೂಡಿನ ವಾಸನೆಯೂ ಬರುತ್ತಿತ್ತು. ಬಿಡದಿ ಕಡೆ ಹೊಲಗಳಲ್ಲೆಲ್ಲ ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ನಾನು ಆಗಷ್ಟೇ ಟೀಚರ್ ಕೆಲಸದಿಂದ ರಿಟೈರ್ ಆಗಿದ್ದೆ.

ಚರ್ಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅದೇ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೆಲಸದವಳು. ಕನಕಪುರದ ಕಡೆಯ ಹೆಣ್ಣು, ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವಳು. ನಾನು ಹಾಡಿದರೆ ಮೊಣಕೈಯಲ್ಲಿ ತಿವಿಯುವಳು. “ಟೀಚರಮ್ಮ, ರಾಗ ಅತ್ಲಾಗೆ ಹೋಯ್ತಾ ಐತೆ, ನೀವು ಇತ್ಲಾಗೆ ಹೋಯ್ತಿದ್ದೀರಿ.” ನನಗೆ ಹಾಗೆ ಹೇಳುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ವಾರವೆಲ್ಲ ನಾನು ಕಾಯುತ್ತಿದ್ದುದು ಆ ಒಂದು ಗಂಟೆಗೆ.

ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವ ಘಳಿಗೆಯೊಂದಿದೆ. ನಾವೆಲ್ಲ ಕೈಮುಗಿದು ತಲೆ ಬಾಗಿಸಿ ಮುಗಿಸುತ್ತಿದ್ದೆವು. ಹೊಸದಾಗಿ ಬಂದ ಯಂಗ್ ಫಾದರ್ ಒಂದು ಭಾನುವಾರ, “ಕೈ ಮುಗಿದರೆ ಸಾಲದು, ಕೈ ಹಿಡಿದುಕೊಳ್ಳಿ. ಕ್ರೈಸ್ತರ ಪ್ರೀತಿ ಕಣ್ಣಿಗೆ ಕಾಣಬೇಕು” ಎಂದರು. ಅವಳು ಎರಡೂ ಕೈ ಚಾಚಿದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದಿಗಳೆಲ್ಲ ಬಿಳಿಚಿ ಬಿರಿದಿದ್ದವು. ಬೆಂದ ಹುಳುವಿನ ವಾಸನೆ. ನಾನು ಹಿಡಿದುಕೊಂಡೆ. ನಿಜವಾಗಿ, ಹಿಡಿದುಕೊಂಡೆ. ಆದರೆ ಆಮೇಲೆ ನನ್ನ ಕೈ ತಾನಾಗಿಯೇ ಕರ್ಚೀಫಿಗೆ ಹೋಯಿತು. ಅವಳು ನೋಡಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಆ ಕ್ರಿಸ್‌ಮಸ್‌ಗೆ ಕೇಕಿನ ಜೊತೆ ಅವಳಿಗೆ ಒಂದು ಬಾಕ್ಸ್ ಲ್ಯಾವೆಂಡರ್ ಸೋಪು ಕೊಟ್ಟೆ. ಪ್ರೀತಿ ಅಂದರೆ ಬರೀ ಫೀಲಿಂಗ್ ಅಲ್ಲ, ಏನಾದರೂ ಮಾಡಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಲ್ಲ. ಬಿರಿದ ಕೈಗೆ ಒಳ್ಳೆಯದಾಗಲಿ ಅಂತಲೇ ಕೊಟ್ಟದ್ದು. ಅಥವಾ ಮುಂದಿನ ಭಾನುವಾರ ನನ್ನ ಕೈಗೆ ಒಳ್ಳೆಯದಾಗಲಿ ಅಂತಲೋ? ಎಷ್ಟು ಸಲ ಯೋಚಿಸಿದರೂ ಒಂದೊಂದು ಸಲ ಒಂದೊಂದು ಉತ್ತರ.

ಚರ್ಚಿನ ನಮ್ಮ ವಾರ್ಡಿನವರು ತಿಂಗಳಿಗೊಂದು ಮನೆಯಲ್ಲಿ ಸೇರಿ ಬೈಬಲ್ ಓದಿ, ಕಾಫಿ ಕುಡಿದು ಬರುವ ಪದ್ಧತಿ. ಜನವರಿಯಲ್ಲಿ ಅವಳ ಸರದಿ. ಪ್ರಾರ್ಥನೆ ಮುಗಿದ ಮೇಲೆ ನನ್ನ ಕೈಗೆ ಲೋಟ ಕೊಡುತ್ತಾ, “ಧೈರ್ಯವಾಗಿ ಕುಡೀರಿ ಟೀಚರಮ್ಮ, ನಿಮ್ಮ ಸೋಪಲ್ಲೇ ಮೂರು ಸಲ ಕೈ ತೊಳ್ಕೊಂಡಿವ್ನಿ” ಎಂದಳು.

ಹೆಂಗಸರೆಲ್ಲ ಗೊಳ್ಳೆಂದರು. “ಅಯ್ಯೋ, ನಮಗೂ ಒಂದೊಂದು ಕೊಡ್ಸಿ ಟೀಚರಮ್ಮ!” ಎಂದಳು ಒಬ್ಬಳು. ಲೋಟ ಕೊಟ್ಟವಳೂ ನಕ್ಕಳು, ನಾನೂ ನಕ್ಕೆ.

ಮುಂದಿನ ಭಾನುವಾರ ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

“ಯಾಕಮ್ಮ, ಅಲ್ಲಿ ಹೋಗಿ ಕೂತೆ?”

“ಅಲ್ಲಿ ಫ್ಯಾನ್ ಐತಲ್ಲ ಟೀಚರಮ್ಮ.”

ಜನವರಿ ಚಳಿಯಲ್ಲಿ ಫ್ಯಾನು!

ಸಾರಿ ಕೇಳಬೇಕೆನಿಸಿತು. ಏನೆಂದು ಕೇಳಲಿ? ಅವಳಿಗೆ ನೋವಾಗಿರದಿದ್ದರೆ, ನಿನ್ನ ಕೈ ನಾರುತ್ತಿತ್ತು ಅಂತ ನಾನೇ ಬಾಯಿಬಿಟ್ಟು ಹೇಳಿದಂತಾಗುವುದಿಲ್ಲವೇ? ಕನ್ಫೆಷನ್‌ನಲ್ಲಿ ಹೇಳಿಕೊಂಡೆ. “ಗಿಫ್ಟ್ ಕೊಡುವುದು ಪಾಪವಲ್ಲಮ್ಮ” ಎಂದರು ಫಾದರ್. ಇನ್ನಷ್ಟು ಗೊಂದಲವಾಯಿತು.

ಅಷ್ಟರಲ್ಲಿ ಫಿಲೇಚರು ಮುಚ್ಚಿತು. ಅವಳು ಬಿಡದಿಯ ಫ್ಯಾಕ್ಟರಿ ಸೇರಿದಳು. ಭಾನುವಾರವೂ ಶಿಫ್ಟು, ಚರ್ಚಿನಲ್ಲಿ ಕಾಣುವುದೇ ನಿಂತಿತು.

ಕೊನೆಯ ಸಲ ಅವಳನ್ನು ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಕನಕಪುರದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ನೀಲಿ ಕೋಟು ತೊಟ್ಟವಳೊಬ್ಬಳು ನನ್ನ ಕೈಯಿಂದ ಬ್ಯಾಗು ಕಿತ್ತುಕೊಂಡು ಕಿಟಕಿಯಿಂದ ಒಳಗೆ ಸೀಟಿನ ಮೇಲೆ ಎಸೆದಳು. ಅವಳೇ. “ಈ ವಯಸ್ನಲ್ಲಿ ನಿಂತ್ಕಂಡು ಹೋಯ್ತೀರಾ? ಹತ್ತಿ, ಹತ್ತಿ” ಎಂದು ಜನರ ನಡುವೆ ದಾರಿ ಮಾಡಿ ನನ್ನನ್ನು ಕೂರಿಸಿದಳು.

“ನಿನ್ನ ಹತ್ತಿರ ಒಂದು ಮಾತು ಆಡಬೇಕಿತ್ತು ಕಣಮ್ಮ” ಎಂದೆ.

“ಆಡೀರಂತೆ ಬುಡಿ, ಕಂಪ್ನಿ ಬಸ್ಸು ಬಂದ್ಬುಡ್ತು.” ಇಳಿಯುತ್ತಾ ಕಂಡಕ್ಟರಿಗೆ, “ಇವ್ರು ನಮ್ಮೋರು ಕಣಣ್ಣ, ಒಸಿ ನೋಡ್ಕಂಡು ಇಳ್ಸು” ಎಂದಳು.

ಕಿಟಕಿಯಿಂದ ಬಗ್ಗಿ ನೋಡಿದೆ. ಕಂಪನಿ ಬಸ್ಸಿನ ಬಾಗಿಲಲ್ಲಿ ಇಪ್ಪತ್ತು ಮೂವತ್ತು ಹೆಂಗಸರು, ಎಲ್ಲರಿಗೂ ಅದೇ ನೀಲಿ ಕೋಟು. ಅವಳ ಬೆನ್ನು ಯಾವುದೆಂದು ಹುಡುಕುತ್ತಿರುವಾಗಲೇ ನಮ್ಮ ಬಸ್ಸು ತಿರುಗಿತು.