ಅಂಚು ನೋಡಿ ತಂದ ಫೋನು

ಇಂದು ಬೆಳಿಗ್ಗೆ ನೇಕಾರರ ಸಂಘದ ಕಪಾಟು ಒರೆಸುವಾಗ ಒಂದು ಬಿಳಿ ಫೋನು ಕೈಗೆ ಸಿಕ್ಕಿತು. ಏನು ಹೊಳಪು ಅಂತೀರಿ! ಅದು ಮಾತು ಬಿಟ್ಟು ಮಾತ್ರ ಎಷ್ಟೋ ವರ್ಷವಾಯಿತು.

ಇಳಕಲ್ಲಿನಲ್ಲಿ ಹುಟ್ಟಿ ಸೀರೆಯ ಬಗ್ಗೆ ಉಪದೇಶ ಮಾಡದವರು ಯಾರಿದ್ದಾರೆ? ನಾನಂತೂ ಸಂಘದ ಕಾರ್ಯದರ್ಶಿ. ಬಂದವರಿಗೆಲ್ಲ, "ಅಂಚಿಗೆ ಮರುಳಾಗಬ್ಯಾಡ್ರಿ, ಕೊಂಡಿ ನೋಡ್ರಿ" ಎನ್ನುತ್ತೇನೆ. ಸೀರೆಯ ಒಡಲಿನ ಎಳೆಗಳಿಗೂ ಸೆರಗಿನ ರೇಷ್ಮೆ ಎಳೆಗಳಿಗೂ ಕುಣಿಕೆ ಹಾಕಿ ಕೂಡಿಸುವುದಕ್ಕೆ ನಮ್ಮಲ್ಲಿ ಕೊಂಡಿ ಎನ್ನುತ್ತಾರೆ. ಇಷ್ಟೆಲ್ಲ ಬಲ್ಲ ನಾನು ಫೋನು ಕೊಳ್ಳುವಾಗ ಅಂಚನ್ನೇ ನೋಡಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಂತಾಯಿತು.

ಫೋನು ಬೇಕಾದದ್ದು ಗುಡೂರಿನ ಗಂಗವ್ವನಿಗೆ. ಕೊಂಡಿ ಹಾಕುವುದರಲ್ಲಿ ಎತ್ತಿದ ಕೈ. ಮೊಣಕಾಲು ಹಿಡಿದು ಬಸ್ಸು ಹತ್ತಲಾಗದು. ಆಕೆಯ ಮಗ್ಗಕ್ಕೆ ಕೆಲಸ ಕೊಡುತ್ತಿದ್ದ ಬಾದಾಮಿಯ ಅಂಗಡಿಯವರಿಗೆ ಪ್ರತಿ ಸೀರೆಯ ಬಣ್ಣವನ್ನೂ ಮಾತಾಡಿಯೇ ಗೊತ್ತು ಮಾಡಬೇಕು. ಆಕೆಯ ಕಲ್ಲಿನ ಮನೆಯೊಳಗೆ ಮೊಬೈಲ್ ಸಿಗ್ನಲ್ ಬಾರದು. ಊರಿಗೆ ತಂತಿಯ ಇಂಟರ್ನೆಟ್ ಬಂದಾಗ, ಅದರ ಮೇಲೆಯೇ ಮಾತಾಡುವ ಫೋನು ತರೋಣವೆಂದೆ.

ಹುನಗುಂದದಲ್ಲಿ ರಿಪೇರಿ ಅಂಗಡಿ ಇಟ್ಟ ಮಹಿಬೂಬಣ್ಣ ಮೊದಲು ಬಂದ. "ಎಲ್ಲಾರಿಗೂ ಸಿಗೂವಂಗ ಬರೆದಿಟ್ಟ ಒಂದು ಪದ್ಧತಿ ಐತ್ರಿ. ಅದನ್ನ ಪಾಲಿಸಿದ್ರ ಯಾವ ಕಂಪನಿ ಫೋನ್ ಯಾವುದರ ಜೋಡಿನೂ ಮಾತಾಡ್ತದ" ಎಂದ. ಎರಡು ಕರಿ ಫೋನು ಜೋಡಿಸಿ ತೋರಿಸಿದ. ನನ್ನ ಮಾತು ಗಂಗವ್ವನಿಗೆ ಕೇಳಿತು, ಆಕೆಯದು ನನಗೆ ಕೇಳಲಿಲ್ಲ. ಅಂಥ ಸುಖ ಕಾರ್ಯದರ್ಶಿಗೆ ಸಂಘದ ಸಭೆಯಲ್ಲಿ ಮಾತ್ರ ಸಿಗುತ್ತದೆ.

ಮರುವಾರ ಒಂದು ಕಂಪನಿಯವನು ಈ ಬಿಳಿ ಫೋನು ತಂದ. ಐದು ನಿಮಿಷದಲ್ಲಿ ಧ್ವನಿ ಗಂಟೆಯಂತೆ ಕೇಳಿತು. ಅದು ತನ್ನ ಕಂಪನಿಯ ಫೋನಿನ ಜೊತೆ ಮಾತ್ರ ಮಾತಾಡುತ್ತದೆ ಎಂದು ಮಹಿಬೂಬಣ್ಣ ಎಚ್ಚರಿಸಿದ. "ಇರ್ಲಿ ಬಿಡೋ, ಮೂರೂ ಕಡೆ ಅದನ್ನ ತಗೊಂತೇವಿ" ಎಂದೆ ನಾನು, ಮಹಾ ಜಾಣ.

ಎರಡು ವರ್ಷ ಚಂದ ನಡೆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಕಂಪನಿ ಆ ಸೇವೆಯನ್ನೇ ನಿಲ್ಲಿಸಿತು. ಇಳಕಲ್ಲು, ಗುಡೂರು, ಬಾದಾಮಿ, ಮೂರೂ ಕಡೆ ಫೋನು ಒಂದೇ ದಿನ ಮೂಕವಾದವು. ಮಹಿಬೂಬಣ್ಣ ಬಿಚ್ಚಿ ನೋಡಿ, "ಸಾಮಾನು ಭೇಷ್ ಐತ್ರಿ. ಒಳಗ ಕೀಲಿ ಹಾಕ್ಯಾರ, ಚಾವಿ ಅವರ ಕಡೆ ಐತಿ" ಎಂದ. ಬಾದಾಮಿಯವರು ಎಂಟು ದಿನ ಕಾದು ಹಂಗಾಮಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಗುಡೂರಿಗೆ ಹೋದೆ. ಮಗ್ಗದ ಮೇಲೆ ಹಳೆಯ ಕೌದಿ ಹೊದಿಸಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಂಗವ್ವ ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ತಮ್ಮಾ, ಒಡಲಿನ ಎಳಿ ಒಬ್ಬರ ಮನ್ಯಾಗಿಂದು, ಸೆರಗಿಂದು ಇನ್ನೊಬ್ಬರ ಮನ್ಯಾಗಿಂದು. ಕೊಂಡಿ ಹಾಕೋದು ಎಲ್ಲಾರಿಗೂ ಗೊತ್ತೈತಿ ಅಂತ ಕೂಡ್ತಾವ. ಅದು ನನ್ನೊಬ್ಬಾಕಿ ಗುಟ್ಟಾಗಿದ್ರ, ನಾ ಸತ್ತ ಮರುದಿನ ಊರಾಗ ಸೆರಗಿಲ್ಲದ ಸೀರಿ ಉಡಬೇಕಾಗ್ತಿತ್ತು."

ಮನೆಗೆ ಹೋಗಲಿಲ್ಲ. ನೇರ ಹುನಗುಂದದ ಬಸ್ಸು ಹತ್ತಿದೆ. "ಮಹಿಬೂಬಣ್ಣ, ಆ ಪದ್ಧತಿ ನನಗೂ ಕಲಿಸು" ಎಂದೆ. ಅವನು ನಗಲಿಲ್ಲ, ಅದು ಅವನ ದೊಡ್ಡತನ. ನಾಲ್ಕು ಭಾನುವಾರ ಕೂತು ಮೊದಲಿನ ಕರಿ ಫೋನುಗಳನ್ನೇ ಮೂರೂ ಕಡೆ ಜೋಡಿಸಿದೆವು. ಅಂದು ಗಂಗವ್ವನ ಮಾತು ತಡೆದದ್ದು ಆಕೆಯ ಮನೆಯ ಇಂಟರ್ನೆಟ್ ಡಬ್ಬಿ, ರೂಟರ್. ಅದನ್ನು ದಾರಿಗೆ ತಂದ ದಿನ ಗಂಗವ್ವ ಕೆಮ್ಮಿದ್ದು ಕೇಳಿ ನನ್ನ ಕಣ್ಣು ತುಂಬಿತು. ಧ್ವನಿ ಈಗಲೂ ಒಮ್ಮೊಮ್ಮೆ ಗೊರಗೊರ ಎನ್ನುತ್ತದೆ. ಬಾದಾಮಿಯ ಕೆಲಸ ಮರಳಿ ಬರಲು ಮುಂದಿನ ಹಂಗಾಮಿನವರೆಗೂ ಕಾಯಬೇಕಾಯಿತು, ಆದರೆ ಬಂತು.

ಇಂದು ಕಪಾಟು ಒರೆಸುತ್ತಿದ್ದುದಕ್ಕೂ ಕಾರಣವಿತ್ತು. ಹನ್ನೊಂದಕ್ಕೆ ಇನ್ನೊಂದು ಕಂಪನಿಯವನು ಬರುವವನಿದ್ದ; ಬಂದವನೇ ತನ್ನ ಫೋನು ತೋರಿಸಿ, ಮೊದಲ ವರ್ಷ ಪುಕ್ಕಟೆ ಎಂದ. ನಾನು ಸತ್ತ ಫೋನನ್ನು ಅವನ ಮುಂದಿಟ್ಟೆ.

"ನಿಮ್ಮ ಕಂಪನಿ ಬಾಗಿಲು ಹಾಕಿದ ಮರುದಿನ ನಿಮ್ಮ ಫೋನು ಯಾರ ಜೋಡಿ ಮಾತಾಡ್ತದ್ರಿ?"

ಅವನು ಚೀಲದಲ್ಲಿ ಏನೋ ಕಾಗದ ಹುಡುಕತೊಡಗಿದ. ಅಷ್ಟರಲ್ಲಿ ನಮ್ಮ ಕರಿ ಫೋನು ಗಂಟೆ ಬಾರಿಸಿತು. ಗಂಗವ್ವ.

"ತಮ್ಮಾ, ಹಳೇ ಫೋನ್ ಕೆಟ್ಟಿತ್ತು. ನಮ್ಮ ಸೊಸಿ ಬ್ಯಾರೆ ಕಂಪನೀದು ತಂದು ತಾನ ಜೋಡಿಸ್ಯಾಳ. ಕೇಳಸ್ತೈತೇನು?"

"ಕೇಳಸ್ತೈತಿ ಅವ್ವಾ" ಎಂದೆ, ಎದುರಿಗಿದ್ದವನಿಗೂ ಕೇಳಲೆಂದು ಬೇಕಾದ್ದಕ್ಕಿಂತ ಜೋರಾಗಿ.