ಎರಡನೇ ಪುಟದ ಎದೆನೋವು

ಗೆಳೆಯರೇ, ಇವತ್ತು ಮಲೇಷ್ಯಾದ ಮೆಲಾಕಾದಲ್ಲಿರುವ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ನನ್ನ ಬರವಣಿಗೆಗೆ ಮಂಗಳಾರತಿ ಆಯಿತು. ವಾರ್ಡಿನಲ್ಲಿರುವ ಮಲಯ್ ಅಜ್ಜನೊಬ್ಬರ ಬಗ್ಗೆ ನಾನು ಬರೆದ ಕೇಸ್ ರಿಪೋರ್ಟ್ ಓದಿ, ನಮಗೆ ಪಾಠ ಮಾಡುವ ಮಂಗಳೂರಿನ ಮೇಡಂ ಕನ್ನಡಕ ತೆಗೆದರು.

“ಎಂಥದು ಮಾರಾಯ್ತಿ, ಮೊದಲ ಪುಟ ಪೂರ್ತಿ ಅಜ್ಜ ತಿಂದ ತಿಂಡಿ, ಮಗಳ ಮದುವೆ. ಎದೆನೋವು ಎರಡನೇ ಪುಟದಲ್ಲಿ! ಅಷ್ಟರವರೆಗೆ ಪೇಶೆಂಟ್ ಉಳಿಯಲಿಕ್ಕುಂಟಾ?”

ಏನು ಮಾಡಲಿ, ನಮ್ಮ ಮನೆಯಲ್ಲಿ ಊಟ ಆಯ್ತಾ ಎಂದು ಕೇಳದೆ ಯಾರೂ ಮಾತು ಶುರು ಮಾಡುವುದಿಲ್ಲ. ನಾನು ಬರೆಯುವುದೂ ಹಾಗೆಯೇ. ಆದರೂ ಎದೆನೋವನ್ನು ಮೊದಲ ಸಾಲಿಗೆ ತಂದು ಉಳಿದದ್ದನ್ನೆಲ್ಲ ಹೊಡೆದುಹಾಕಿದೆ. ಯಾರು ಬೇಕಾದರೂ ಬರೆಯಬಹುದಾದ ಅರ್ಧ ಪುಟ ಉಳಿಯಿತು.

ಸಂಜೆ ವಾರ್ಡಿಗೆ ಹೋಗಿ, ನೋವು ಹೇಗಿದೆ ಎಂದು ನೇರವಾಗಿ ಕೇಳಿದೆ. ಅಜ್ಜ ನನ್ನ ಮುಖ ನೋಡಿ, “ಸುದಾ ಮಕಾನ್?” ಎಂದರು. ಮಲಯ್ ಭಾಷೆಯ ‘ಊಟ ಆಯ್ತಾ’ ಅದು. ನೋವಿನ ಸುದ್ದಿಯನ್ನು ಅವರೂ ಎರಡನೇ ಪುಟಕ್ಕೇ ಇಟ್ಟುಕೊಂಡಿದ್ದರು.