ಮುಂದಿನ ಸೀಟಿನ ಮಗು

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ, ಮೂರನೇ ಅಂಕಣದ ಎದುರಿಗೆ, ಕಟ್ಟೆಯಿಂದ ಏಳೆಂಟು ಹೆಜ್ಜೆ ಹೊರಗೆ, ಬಸ್ಸುಗಳು ತಿರುಗುವ ಅಂಗಳದಲ್ಲಿ ನಾನು ನಿಂತಿದ್ದೆ. ಸೋಮವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ನಿಲ್ದಾಣದ ಗಡಿಯಾರ ಕೆಟ್ಟಿತ್ತು. ನಾನು ನೋಡಿದ್ದು ನನ್ನ ಮೊಬೈಲಿನಲ್ಲಿ. ನನ್ನ ಕೈಯಲ್ಲಿ ಎರಡು ಸೀಟಿನ ಮಕ್ಕಳ ಗಾಡಿ ಇತ್ತು. ಮುಂದಿನ ಸೀಟಿನಲ್ಲಿ ಮಗಳು, ಹಿಂದಿನದರಲ್ಲಿ ಮಗ. ಅವಳಿಗಳು. ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು.

ಆ ಗಾಡಿಯನ್ನು ಆರಿಸಿದವನು ನಾನೇ. ಅದನ್ನು ಮೊದಲು ಹೇಳಿಬಿಡಬೇಕು.

ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವರು. ಎರಡು ವರ್ಷವಾದರೂ ಇಬ್ಬರೂ ನಿಲ್ಲುತ್ತಿರಲಿಲ್ಲ. ಮಗ, ನಾವು ಹಿಡಿದುಕೊಂಡರೆ, ಪಾದ ಊರುತ್ತಿದ್ದ. ಮಗಳ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತಿದ್ದವು. ವಾರಕ್ಕೆ ಮೂರು ದಿನ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಮಾಡಿಸಬೇಕಿತ್ತು. ಹೆಂಡತಿಗೆ ಬೆನ್ನಿನ ಡಿಸ್ಕ್ ಜಾರಿತ್ತು. ಒಂದು ಕೊಡ ನೀರನ್ನೂ ಎತ್ತಬಾರದು ಎಂದಿದ್ದರು. ಹಾಗಾಗಿ ಹೋಗುತ್ತಿದ್ದವರು ನಾನು ಮತ್ತು ಅಮ್ಮ. ರಾಮಗಿರಿ ಕಡೆಯ ನಮ್ಮ ಹಳ್ಳಿಯಿಂದ ಹೊಳಲ್ಕೆರೆಗೆ ಒಂದು ಬಸ್ಸು, ಅಲ್ಲಿಂದ ದುರ್ಗಕ್ಕೆ ಇನ್ನೊಂದು, ಆಮೇಲೆ ನಡಿಗೆ. ಮಗಳು ನನ್ನ ಹೆಗಲ ಮೇಲೆ, ಮಗ ಅಮ್ಮನ ಬೆನ್ನಿನ ಕಂಬಳಿಯಲ್ಲಿ. ಒಂದು ದಿನ ದುರ್ಗದ ಏರಿನಲ್ಲಿ ಅಮ್ಮನ ಮೊಣಕಾಲು ಕೈಕೊಟ್ಟಿತು. ಮಗು ಬೆನ್ನಲ್ಲಿರುವಂತೆಯೇ ಅವಳು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಳು. ಅದಾದ ಮೇಲೆ ಮೂರು ವಾರ ನಾವು ಹೋಗಲಿಲ್ಲ.

ನಾಲ್ಕನೇ ವಾರ ವ್ಯಾಯಾಮ ಮಾಡಿಸುವ ಹುಡುಗಿ ಮಗಳ ತೊಡೆ ಮುಟ್ಟಿ ನೋಡಿ ಕೈ ತೆಗೆದಳು. "ಏನ್ರಿ ಇದು, ಮತ್ತೆ ಮೊದಲಿನಂಗೇ ಬಿಗಿದೈತಲ್ಲ. ಈಗ ತಪ್ಪಿಸಿದ್ರೆ, ಆಮೇಲೆ ನೀವು ದಿನಾ ಬಂದ್ರೂ ನನ್ನ ಕೈಲಿ ಆಗಲ್ಲ."

ಹೊರಗೆ ಬಂದು ಆಸ್ಪತ್ರೆ ಬಾಗಿಲಿನ ಇಳಿಜಾರಿನ ಕಂಬಿ ಹಿಡಿದು ನಿಂತೆ. ಮುಂದಿನ ಸಲ ಹೇಗೆ ಬರುವುದು ಎಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ. ಆಗ ಒಬ್ಬ ತಾಯಿ ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ನಮ್ಮ ಪಕ್ಕದಲ್ಲೇ ಹೋದಳು. ಅಮ್ಮನೂ ನೋಡಿದಳು. "ಇಬ್ಬರನ್ನ ಕೂರಿಸೋದು ಸಿಗುತ್ತೇನೋ ಕೇಳು" ಎಂದಳು. ಕುರಿಯ ಹಿಂದೆ ನಡೆಯುತ್ತಾ ಅವಳು ನೂತ ಉಣ್ಣೆಯ ನೂಲು ಯಾವಾಗಲೂ ಸೊಂಟದ ಚೀಲದಲ್ಲಿ ಇರುತ್ತಿತ್ತು. ಒಂದು ಮಾರು ಹರಿದುಕೊಟ್ಟಳು. ಇಳಿಜಾರಿನ ಎರಡು ಕಂಬಿಗಳ ನಡುವಿನ ಅಗಲಕ್ಕೆ ಒಂದು ಗಂಟು ಹಾಕಿದೆ. ಸಂಜೆ ಬಸ್ಸಿನಲ್ಲಿ, ಮಡಚಿದ ಗಾಡಿ ಇಡಲು ಚಾಲಕನ ಹಿಂದೆ ಇದ್ದ ಸಂದಿಗೆ ಇನ್ನೊಂದು.

ಕಂಡಕ್ಟರ್ ನೋಡುತ್ತಿದ್ದ. "ಏನಪ್ಪ, ಬಸ್ಸಿಗೆ ಅಂಗಿ ಹೊಲಿಸ್ತೀಯೇನು?"

"ಹೂಂ ಕಣಪ್ಪ, ನಿನಗೂ ಒಂದು ಹೊಲಿಸ್ತಾನೆ" ಎಂದಳು ಅಮ್ಮ. "ಮಕ್ಕಳ ಗಾಡಿ ಇಡಾಕೆ ಜಾಗ ಕೊಡು."

ದುರ್ಗದ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದರಲ್ಲಿ ಸೀಟುಗಳು ಅಕ್ಕಪಕ್ಕ. ಇನ್ನೊಂದರಲ್ಲಿ ಹಿಂದೆ ಮುಂದೆ. ನನಗೆ ಅಕ್ಕಪಕ್ಕದ್ದೇ ಹಿಡಿಸಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ಕೂರುತ್ತಿದ್ದರು, ನೆಲದ ಮೇಲೆ ಭದ್ರವಾಗಿಯೂ ನಿಲ್ಲುತ್ತಿತ್ತು. ನೂಲು ಹಿಡಿದೆ. ಮೊದಲ ಗಂಟಿಗಿಂತ ನಾಲ್ಕು ಬೆರಳು ಹೆಚ್ಚು. ಮೂರು ಸಲ ಹಿಡಿದೆ. ಮೂರನೆಯ ಸಲ ನೂಲನ್ನು ಜಗ್ಗಿ ಹಿಡಿದೆ.

"ನೂಲು ಎಳೆದ್ರೆ ಬರ್ತೈತೆ" ಎಂದಳು ಅಮ್ಮ. "ಕಂಬಿ ಎಳೆದ್ರೆ ಬರ್ತೈತೇನ್ಲೇ?"

ಹಿಂದೆ ಮುಂದೆ ಸೀಟಿನದನ್ನೇ ತೆಗೆದುಕೊಂಡೆ. ಅಂಗಡಿಯವರು ಎರಡು ಗೋಧಿಹಿಟ್ಟಿನ ಚೀಲ ಕೂರಿಸಿ ತೋರಿಸಿದರು. "ಇಳಿಸೋವಾಗ ಮೊದಲು ಹಿಂದಿನ ಮಗು, ಆಮೇಲೆ ಮುಂದಿನದು. ಮುಂದಿನದನ್ನ ಮೊದಲು ತೆಗೆದ್ರೆ ಗಾಡಿ ಹಿಂದಕ್ಕೆ ಮಗುಚ್ತೈತೆ ನೋಡ್ರಿ. ಹಿಡಿಗೆ ಚೀಲಗೀಲ ನೇತುಹಾಕಬೇಡ್ರಿ."

ಅವರು ಇದನ್ನು ಹೇಳಿದರು. ನಾನು ಕೇಳಿಸಿಕೊಂಡೆ, ತಲೆಯನ್ನೂ ಆಡಿಸಿದೆ. ಕೇಳಿಸಲಿಲ್ಲ ಎಂದು ನಾನು ಯಾರಿಗೂ ಹೇಳಲಾರೆ.

ಮನೆಯಲ್ಲಿ ಅಮ್ಮ ಮಕ್ಕಳನ್ನು ಕೂರಿಸಲು ಬಿಡಲಿಲ್ಲ. ಮೊದಲು ಎರಡು ಕುರಿಮರಿ ಕೂರಿಸಿ ನೋಡು ಎಂದಳು. ಕೂರಿಸಿ ಅಂಗಳದಲ್ಲಿ ಎರಡು ಸುತ್ತು ತಳ್ಳಿದೆ. ಹೆಂಡತಿ ಬೆನ್ನು ಹಿಡಿದುಕೊಂಡು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. ನಿಲ್ಲಿಸಿದ ಕೂಡಲೇ ಹಿಂದಿನ ಮರಿ ತಾನಾಗಿ ಚಂಗನೆ ಹಾರಿತು. ಮುಂದಿನದನ್ನು ನಾನು ಎತ್ತಿ ಇಳಿಸಿದೆ. ಗಾಡಿ ಅಲುಗಲಿಲ್ಲ. ಆಮೇಲೆ ಮಕ್ಕಳನ್ನು ಕೂರಿಸಿದಾಗಲೆಲ್ಲ ಹೆಂಡತಿ ಹಿಡಿಯ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಳು. ಎತ್ತಲಾಗದ ಅವಳಿಗೆ ಮಾಡಲು ಇದ್ದ ಕೆಲಸ ಅದೊಂದೇ. ಅಂಗಡಿಯವರು ಹೇಳಿದ್ದು ನಿಜವೋ ಸುಳ್ಳೋ ನಮ್ಮ ಅಂಗಳದಲ್ಲಿ ಗೊತ್ತಾಗಲೇ ಇಲ್ಲ.

ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕೆಂದವಳು ಅಮ್ಮ. ನಿತ್ರಾಣದ ಮರಿ ಕಣ್ಣ ಮುಂದೆ ಇರಬೇಕು, ಇಳಿಸುವಾಗ ಅದನ್ನೇ ಮೊದಲು ಇಳಿಸಬೇಕು. ಗಟ್ಟಿಯದು ಕಾಯುತ್ತದೆ. ಹಟ್ಟಿಯಲ್ಲಿ ಬೆಳೆದ ನಮ್ಮ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಓದಿಗೆ ಹೋಗಿ ಕುರಿ ಬಿಟ್ಟೆ. ಕೈ ಆ ರೂಢಿ ಬಿಟ್ಟಿರಲಿಲ್ಲ.

ಆ ಸೋಮವಾರ ಗಾಡಿಯೊಂದಿಗೆ ಮೊದಲ ಪ್ರಯಾಣ. ಊರಿನಲ್ಲಿ ಬಸ್ಸು ಹತ್ತುವಾಗ ಹಿಡಿ ಹಿಡಿದುಕೊಳ್ಳಲು ಹೆಂಡತಿ ಬಂದಿದ್ದಳು. ದುರ್ಗದ ಬಸ್ಸು ತಡವಾಗಿ ಬಂದು ಅಂಕಣಕ್ಕೆ ಬರದೆ ಅಂಗಳದಲ್ಲೇ ನಿಂತಿತು. ಜನ ಓಡಿದರು. ನಾವೂ ಗಾಡಿ ತಳ್ಳಿಕೊಂಡು ಓಡಿದೆವು. ಅಮ್ಮ ಬಾಗಿಲ ಹತ್ತಿರ ಹೋಗಿ ಕಂಡಕ್ಟರನಿಗೆ, "ತಡಿಯಪ್ಪ, ಮಕ್ಕಳವೆ" ಎಂದಳು. ನಾನು ಬ್ರೇಕು ಒತ್ತಿದೆ. ಮುಂದೆ ಬಂದು ಮಗಳ ಬೆಲ್ಟು ಬಿಚ್ಚಿದೆ, ಎತ್ತಿಕೊಂಡೆ, ಬಸ್ಸಿನ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟೆ. ಹಿಡಿಗೆ ಬುತ್ತಿ ಚೀಲ ನೇತುಹಾಕಿದ್ದೆ. ರೊಟ್ಟಿ, ಎರಡು ನೀರಿನ ಬಾಟಲಿ, ಮಕ್ಕಳ ಬಟ್ಟೆ.

ಶಬ್ದ ದೊಡ್ಡದಾಗಿರಲಿಲ್ಲ. ತಿರುಗಿ ನೋಡಿದಾಗ ಗಾಡಿ ಹಿಂದಕ್ಕೆ ಬಿದ್ದಿತ್ತು, ಮುಂದಿನ ಚಕ್ರಗಳು ಮೇಲಿದ್ದವು. ಮಗ ಬೆಲ್ಟಿನಲ್ಲಿ ಸಿಕ್ಕಿಕೊಂಡು ಅಂಗಾತ ಬಿದ್ದಿದ್ದ, ತಲೆ ಅಂಗಳದ ನಡುವಿನ ಕಡೆಗೆ. ಆ ಕಡೆಯಿಂದ ಹೊಸದುರ್ಗದ ಬಸ್ಸು ಹಿಂದಕ್ಕೆ ಬರುತ್ತಿತ್ತು.

ನಾನು ಓಡಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು. ಮಗಳು ತೋಳಿನಲ್ಲಿದ್ದಳು. ಅವಳನ್ನು ಎಲ್ಲಿ ಇಳಿಸಲಿ ಎಂದು ನಾನು ನೆಲ ನೋಡಿದೆ. ನಿಲ್ಲಲಾರದ ಮಗುವನ್ನು ಎಲ್ಲಿ ಇಳಿಸುವುದು? ಅಷ್ಟು ಹೊತ್ತು ನಿಂತೇ ಇದ್ದೆ.

ಓಡಿದವಳು ಅಮ್ಮ. ಆ ಮೊಣಕಾಲಿನಲ್ಲೇ ಓಡಿದಳು. ಮಂದೆ ನಿಲ್ಲಿಸಲು ಕೂಗುವ ಹಾಗೆ ಒಂದೇ ಕೂಗು ಹಾಕಿ, ಗಾಡಿಗೂ ಬಸ್ಸಿಗೂ ನಡುವೆ ನಿಂತು, ಎರಡೂ ಅಂಗೈಯಿಂದ ಬಸ್ಸಿನ ಬೆನ್ನಿಗೆ ಬಡಿದಳು. ನಮ್ಮ ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಅಮ್ಮನಿಗೂ ಮಗನ ತಲೆಗೂ ನಡುವೆ ಒಂದು ಗೇಣು ಇತ್ತು ಎಂದು ಅಮ್ಮ ಹೇಳುತ್ತಿದ್ದಳು. ಕಂಡಕ್ಟರ್ ಎರಡು ಗೇಣು ಎನ್ನುತ್ತಾನೆ. ನನಗೆ ಗೊತ್ತಿಲ್ಲ.

ಮಗನ ತಲೆ ಬಿದ್ದದ್ದು ಬುತ್ತಿ ಚೀಲದ ಮೇಲೆ. ಗಾಡಿಯನ್ನು ಕೆಡವಿದ್ದೂ ಅದೇ ಚೀಲ. ಕಿವಿಯ ಹಿಂದೆ ಒಂದು ಬುಗುಟು ಎದ್ದಿತ್ತು, ಅಷ್ಟೇ. ಅವನು ಅತ್ತ. ನಾನು ಮಗಳನ್ನು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ. "ಮನೆಗೆ ಹೋಗಾಣಮ್ಮ" ಎಂದೆ.

"ಎದ್ದೇಳಲೇ" ಎಂದಳು ಅಮ್ಮ. ಅವಳ ಅಂಗೈಗಳು ಕೆಂಪಾಗಿದ್ದವು. "ಮನೆಗೆ ಹೋದ್ರೆ ಇದರ ಕಾಲು ಯಾರು ನೋಡ್ತಾರೆ? ಬಸ್ಸು ಹೊರಡ್ತೈತೆ, ಹತ್ತು."

ಹತ್ತಿದೆವು. ಆಸ್ಪತ್ರೆಯಲ್ಲಿ ಮಗನ ತಲೆ ತೋರಿಸಿದೆವು. ಏನೂ ಆಗಿಲ್ಲ ಎಂದರು. ಮಗಳ ವ್ಯಾಯಾಮ ಮುಗಿಸಿಯೇ ಬಂದೆವು. ಮರುದಿನ ಅಂಗಡಿಗೆ ಹೋಗಿ ಅಕ್ಕಪಕ್ಕದ ಗಾಡಿಗೆ ಮತ್ತೆ ನೂಲು ಹಿಡಿದೆ. ನಾಲ್ಕು ಬೆರಳು ಹಾಗೆಯೇ ಇತ್ತು. ಆಮೇಲೆ ಒಂದೂವರೆ ವರ್ಷ ಅದೇ ಗಾಡಿಯನ್ನು ತಳ್ಳಿದೆವು. ಪ್ರತಿ ಸಲವೂ ಮೊದಲು ಮಗನನ್ನು ಇಳಿಸುತ್ತಿದ್ದೆ. ಮುಂದೆ ಕುಳಿತ ಮಗಳು ಕೈ ಚಾಚಿ ಅಳುತ್ತಿದ್ದಳು. ಪ್ರತಿ ಸಲವೂ ನನ್ನ ಕೈ ಮೊದಲು ಅವಳ ಕಡೆಗೇ ಹೋಗುತ್ತಿತ್ತು; ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ.

ಮಗ ಈಗ ಓಡುತ್ತಾನೆ. ಮಗಳು ಗೋಡೆ ಹಿಡಿದು ನಡೆಯುತ್ತಾಳೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಅಂದು ಅದನ್ನು ಕಂಡವರಲ್ಲಿ, ನನಗೆ ಗೊತ್ತಿರುವಂತೆ, ಉಳಿದಿರುವವರು ಇಷ್ಟು: ನಮ್ಮ ಬಸ್ಸಿನ ಕಂಡಕ್ಟರ್, ಈಗ ಹಿರಿಯೂರಿನ ಕಡೆ ಇದ್ದಾನೆ. ಮೂರನೇ ಅಂಕಣದ ಕಟ್ಟೆಯಲ್ಲಿ ಕಡಲೆಕಾಯಿ ಮಾರುವ ಹೆಂಗಸು. ಮಗನನ್ನು ಕಂಡಾಗಲೆಲ್ಲ ಈಗಲೂ ಕಿವಿಯ ಹಿಂದೆ ಮುಟ್ಟಿ ನೋಡುತ್ತಾಳೆ. ನಾನು. ಮತ್ತು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಮುಖ ಮಾಡಿದ್ದ ನನ್ನ ಮಗಳು, ಗಾಡಿ ಬಿದ್ದದ್ದನ್ನು ನನಗಿಂತ ಮೊದಲು ಕಂಡವಳು.